ಎಂಟು ಗಂಟೆಯ ಚುಕ್ಕೆ

ವಾಟ್ಸ್ಯಾಪ್‌ ಲೈವ್ ಲೊಕೇಶನ್ನಿಗೆ (ನಾವೆಲ್ಲಿದ್ದೇವೆ ಅಂತ ಮ್ಯಾಪಿನಲ್ಲಿ ಚುಕ್ಕೆಯಾಗಿ ತೋರಿಸುವುದು) ಮೂರು ಅವಧಿ ಇವೆ: 15 ನಿಮಿಷ, 1 ಗಂಟೆ, 8 ಗಂಟೆ. ನಮ್ಮ ಹುಡುಗನಿಗೆ 8 ಗಂಟೆಯದ್ದೇ ಬೇಕು. ನಿಶ್ಚಿತಾರ್ಥ ಆಗಿ ಇನ್ನೂ ಎರಡು ತಿಂಗಳಾಗಿಲ್ಲ, ಮಾರಾಯ್ರೇ!

ನಿನ್ನೆ ಸಂಜೆ ದಾದರ್‌ನಲ್ಲಿ ಡೊಂಬಿವಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಉಸಿರಾಡಲೂ ಜಾಗವಿಲ್ಲ. ಬ್ಯಾಗು ಎದೆಗೆ ಒತ್ತಿಕೊಂಡು ನಿಂತಿದ್ದೆ. ಫೋನು ಅದರೊಳಗೆ, ಟಿಫಿನ್ ಬಾಕ್ಸಿನ ಅಡಿಯಲ್ಲಿ. ನೆಟ್ ಕೈಕೊಟ್ಟು ನನ್ನ ಚುಕ್ಕೆ ಕುರ್ಲಾದಲ್ಲೇ ನಿಂತುಬಿಟ್ಟಿತಂತೆ. ಠಾಣೆ ದಾಟಿ ಫೋನ್ ತೆಗೆದರೆ ಆರು ಮಿಸ್ಡ್ ಕಾಲ್. "ಕುರ್ಲಾದಲ್ಲಿ ಯಾಕೆ ಇಳಿದೆ? ಯಾರಿದ್ದಾರೆ ಅಲ್ಲಿ?" ಅಲ್ಲಪ್ಪಾ, ಆ ಹೊತ್ತಲ್ಲಿ ಬೇಕೂಂದ್ರೂ ಇಳಿಯೋಕಾಗುತ್ತಾ?

ಈಗ ಫೋನಿನ ಪಾಸ್‌ವರ್ಡೂ ಬೇಕಂತೆ. "ಮುಚ್ಚಿಡೋಕೆ ಏನಿದೆ?" ಏನೂ ಇಲ್ಲ. ಆದರೆ ಗೆಳತಿ ತನ್ನ ಮನೆ ಜಗಳ ಹೇಳಿಕೊಂಡು ಅತ್ತದ್ದು ಅದರಲ್ಲಿದೆ. ತೋರಿಸೋಕೆ ನಾನ್ಯಾರು? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲೇ ಒಮ್ಮತದಿಂದ ಹೇಳಿದ್ದಾರೆ. ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. (ಅದು ಸರ್ಕಾರದ ವಿರುದ್ಧ, ಭಾವಿ ಗಂಡನ ವಿರುದ್ಧ ಅಲ್ಲ. ಗೊತ್ತು.)

ಇವತ್ತು 15 ನಿಮಿಷದ್ದು ಕಳಿಸಿದೆ. ಮುಖ ಊದಿಸಿಕೊಂಡಿದ್ದಾನೆ. ಊದಿಸಿಕೊಳ್ಳಲಿ.