ಸತ್ಯಾಂಶ: ವಿಯೆಟ್ನಾಂನ ಮಳೆ ವಿಮಾನಗಳು

‘ವಿಯೆಟ್ನಾಂ ಯುದ್ಧದಲ್ಲೇ ಅಮೆರಿಕ ಕೃತಕ ಮಳೆ ಸುರಿಸಿತ್ತು, ಈಗ ಬೇಕೆಂದಲ್ಲಿ ಚಂಡಮಾರುತ ಎಬ್ಬಿಸುತ್ತದೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೊದಲರ್ಧ ಸುಮ್ನೆ ಕಟ್ಟಿದ ಕತೆಯಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

ಅಮೆರಿಕ ವಾಯುಪಡೆಯ 54ನೇ ಹವಾಮಾನ ವಿಚಕ್ಷಣಾ ದಳದ ನೆಲೆ ಗುವಾಮ್ ದ್ವೀಪವಾಗಿತ್ತು. ಪೆಸಿಫಿಕ್‌ನ ಟೈಫೂನ್‌ಗಳೊಳಗೆ (ಅಲ್ಲಿನ ಚಂಡಮಾರುತಗಳು) ಹಾರಿ ಗಾಳಿ, ಒತ್ತಡ ಅಳೆಯುವುದು ಅದರ ಮಾಮೂಲಿ ಕೆಲಸವಾಗಿತ್ತು. 1967ರಿಂದ 1972ರವರೆಗೆ ಅದಕ್ಕೆ ಇನ್ನೊಂದು ಗುಟ್ಟಿನ ಕೆಲಸವೂ ಇತ್ತು. ಹೆಸರು ಆಪರೇಷನ್ ಪಾಪ್‌ಐ. ಥಾಯ್ಲೆಂಡ್‌ನ ಉಡೋನ್‌ನಿಂದ ಹಾರಿ, ಉತ್ತರ ವಿಯೆಟ್ನಾಂ ದಕ್ಷಿಣಕ್ಕೆ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿಯ ಮೇಲಿನ ಮೋಡಗಳಿಗೆ ಬಿತ್ತನೆ ಮಾಡುವುದು. ಮಳೆಗಾಲ ಉದ್ದವಾದರೆ ದಾರಿ ಕೆಸರಾಗಿ ಲಾರಿಗಳು ಹೂತುಹೋಗಲಿ ಎಂಬ ಲೆಕ್ಕ. ಒಟ್ಟು 2,602 ಹಾರಾಟಗಳು ನಡೆದವು.

ಆದರೆ ಮೋಡವನ್ನೇ ಅವರು ಹುಟ್ಟಿಸಲಿಲ್ಲ, ಇದು ಮುಖ್ಯ. ಎತ್ತರದ ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ಬಿತ್ತನೆಯಲ್ಲಿ ಚೆಲ್ಲುವ ಸಿಲ್ವರ್ ಅಯೋಡೈಡ್ ಎಂಬ ರಾಸಾಯನಿಕದ ಹರಳು ಮಂಜುಗಡ್ಡೆಯ ಹರಳನ್ನು ಹೋಲುತ್ತದೆ, ಹಾಗಾಗಿ ಅದರ ಮೇಲೆ ಆ ಹನಿಗಳು ಹೆಪ್ಪುಗಟ್ಟಿ, ಬೆಳೆದು ಮಳೆಯಾಗಿ ಬೀಳುತ್ತವೆ. ಹೆಪ್ಪಿಗೆ ಮಜ್ಜಿಗೆ ಇದ್ದಂತೆ. ಹಾಲೇ ಇಲ್ಲದಿದ್ದರೆ ಹೆಪ್ಪು ಏನು ಮಾಡೀತು, ಅಲ್ವಾ?

ಎಷ್ಟು ಮಳೆ ಜಾಸ್ತಿಯಾಯಿತು? ಮೊದಲೇ ಜೋರು ಮುಂಗಾರಿನ ಜಾಗ. ಖಚಿತವಾಗಿ ಸಾಬೀತಾಗಲೇ ಇಲ್ಲ. ಚಂಡಮಾರುತವಂತೂ ದೂರದ ಮಾತು. ನಮ್ಮ ಕರ್ನಾಟಕದಲ್ಲೂ 2017ರಲ್ಲಿ ಮೋಡ ಬಿತ್ತನೆ ನಡೆದಿತ್ತು, ಅಲ್ಲೂ ಮೋಡಕ್ಕೇ ಕಾಯಬೇಕಿತ್ತು.

ಹವಾಮಾನವನ್ನು ಯುದ್ಧದ ಆಯುಧ ಮಾಡಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ 1978ರಿಂದ ಜಾರಿಯಲ್ಲಿದೆ. ಭಾರತವೂ ಅದರಲ್ಲಿದೆ.