ಪಾನಾ ಅವರ ಕೈಯಲ್ಲೇ ಇರಲಿ ಮಾರಾಯ್ರೆ

ನಮ್ಮ ಕಾರವಾರದ ಕಾಳಿ ನದಿ ದಂಡೆಯಲ್ಲಿ ಮೇಲೆತ್ತಿ ನಿಲ್ಲಿಸಿರೋ, ಹೆಂಗಸರು ಪಾಲು ಹಾಕ್ಕೊಂಡು ಸರಿಮಾಡ್ತಾ ಇರೋ ಆ ಹಳೇ ಹಾಯಿದೋಣಿಯ ವಿಡಿಯೋ ಈಗ ಎಲ್ಲಾ ಗ್ರೂಪಲ್ಲೂ ತಿರುಗ್ತಾ ಇದೆ. "ನಾರಿಯರ ಕೈಯಲ್ಲಿ ಬಣ್ಣ ಕಂಡ ದೋಣಿ" ಅಂತ ತಲೆಬರಹ, ಹಿಂದೆ ವೀಣೆ. ಲೈಕು ಸುರಿದು ಬಿದ್ದಿದೆ. ಆದ್ರೆ ನಡುವೆ ಹತ್ತು ಸೆಕೆಂಡು ಇದೆ ನೋಡಿ, ಅದನ್ನ ಯಾರೂ ಗಮನಿಸಿದ ಹಾಗಿಲ್ಲ. ಪಾಲುದಾರರಲ್ಲಿ ಒಬ್ಬಾಕೆ ಕ್ಯಾಬಿನ್ ಒಳಗೆ ಮಂಡಿಯೂರಿ ಚೈನ್‌ಪ್ಲೇಟಿನ (ಹಾಯಿಕಂಬದ ತಂತಿ ಬಿಗಿಯೋ ಲೋಹದ ಪಟ್ಟಿ) ನಟ್ ಬಿಚ್ಚುತ್ತಾ ಇದ್ದಾರೆ. ಅರ್ಧ ಸುತ್ತು ತಿರುಗಿಸಿ ನಿಲ್ಲಿಸ್ತಾರೆ. ಎಣ್ಣೆ ಬಿಡ್ತಾರೆ. ಕಾಲು ಸುತ್ತು ಹಿಂದಕ್ಕೆ ತರ್ತಾರೆ. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬರುತ್ತೆ: "ಕೊಡಿ ಇಲ್ಲಿ ಅಕ್ಕಾ, ನಾನ್ ಮಾಡ್ಕೊಡ್ತೆ." ಪಾನಾ (ಸ್ಪ್ಯಾನರ್) ಕೈ ಬದಲಾಯ್ತು. ವಿಡಿಯೋ ಮುಂದೆ ಓಡಿ ಪೇಂಟ್ ಬ್ರಷ್ಷಿಗೆ ಬಂತು.

ನನಗೆ ಉರಿದದ್ದು ಅಲ್ಲೇ.

ಆಕೆ ನಿಧಾನ ಮಾಡಿದ್ದು ಕೈಯಲ್ಲಿ ಶಕ್ತಿ ಸಾಲದೆ ಅಲ್ಲ ಸ್ವಾಮೀ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಇದ್ದಾಗ ರಭಸದಿಂದ ತಿರುಗಿಸಿದ್ರೆ ಮರೆಯ (ತಿರುಪಿನ ಸುರುಳಿ ಗೆರೆ) ಮೇಲಿನ ತೆಳು ರಕ್ಷಣಾಪದರ ಉಜ್ಜಿಹೋಗಿ, ಬಿಸಿಯೇರಿ, ಲೋಹಕ್ಕೆ ಲೋಹ ಅಂಟಿಕೊಳ್ಳುತ್ತೆ. ಅಂಟಿದ ಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಗ್ರೈಂಡರ್ ಹಿಡಿದು ಕತ್ತರಿಸೋದೊಂದೇ ದಾರಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುವೆ ಎಣ್ಣೆ ಇಳಿಯೋಕೆ ಸಮಯ. ಇದೇ ಸರಿಯಾದ ಕ್ರಮ. ವಾಪಸ್ ಹಾಕುವಾಗ ಮರೆಗೆ ಲ್ಯಾನೋಲಿನ್ ಗ್ರೀಸ್ ಸವರಿ ಕೈಯಲ್ಲೇ ಪೂರ್ತಿ ಓಡಿಸಿ, ಕೊನೆಗಷ್ಟೇ ಪಾನಾ. ಆದ್ರೆ ನಮ್ಮ ಉಪಕಾರಿ ಅಣ್ಣನಿಗೆ ಕಂಡದ್ದು "ಪಾಪ, ಆಗ್ತಾ ಇಲ್ಲ ಅವ್ರಿಗೆ" ಅಂತ.

ಚೈನ್‌ಪ್ಲೇಟ್ ಯಾಕೆ ಬಿಚ್ಚಬೇಕು ಅಂತ ಕೇಳೋರಿಗೆ: ಕಂಬವನ್ನ ಎರಡೂ ಬದಿಯಿಂದ ಎಳೆದು ಹಿಡಿಯೋ ತಂತಿಗಳ ಬುಡ ಅದು. ಡೆಕ್ಕಿನ ಮೇಲೆ ಕಾಣೋ ಭಾಗ ಫಳಫಳ ಹೊಳೀತಾ ಇರುತ್ತೆ. ಡೆಕ್ ತೂರಿ ಒಳಗಿಳಿಯೋ ಎರಡು ಇಂಚಿನಲ್ಲಿ ಉಪ್ಪುನೀರು ನಿಂತು, ಗಾಳಿಯಾಡದೆ, ಸ್ಟೇನ್‌ಲೆಸ್ ಒಳಗಿಂದೊಳಗೇ ತಿಂದುಹೋಗುತ್ತೆ. ಸ್ಟೇನ್‌ಲೆಸ್ಸಿಗೆ ಆಮ್ಲಜನಕ ಬೇಕು, ಇಲ್ಲದಿದ್ರೆ ಅದೂ ಮಾಮೂಲಿ ಕಬ್ಬಿಣವೇ. ಸಂದಿನಿಂದ ಇಳಿದ ಕಂದು ಗೆರೆ ಕಂಡ್ರೆ ಒಂದನ್ನಾದ್ರೂ ಹೊರಗೆಳೆದು, ಬಣ್ಣದ ದ್ರಾವಣ ಸವರಿ ಬಿರುಕು ಇದೆಯಾ ನೋಡ್ಲೇಬೇಕು. ಹಾಗೇ ಬಿಟ್ಟು ಮೇಲೆ ಬಣ್ಣ ಹೊಡೆದ್ರೆ ಫೋಟೋ ಚೆನ್ನಾಗಿ ಬರುತ್ತೆ. ದೇವಗಡ ದ್ವೀಪ ದಾಟಿದ ಮೇಲೆ ಒಂದು ಜೋರು ಗಾಳಿಗೆ ಕಂಬ ನೀರಿಗೆ ಬರುತ್ತೆ.

ಈ ಬಣ್ಣದ ಹುಚ್ಚೇ ನನಗೆ ಅರ್ಥ ಆಗೋದಿಲ್ಲ. ಎಂಬತ್ತರ ದಶಕದ ಫೈಬರ್ ದೋಣಿ ಸರಿಮಾಡೋದ್ರಲ್ಲಿ ಬಣ್ಣ ಕೊನೆಯ ಕೆಲಸ, ಅತಿ ಸುಲಭದ ಕೆಲಸ. ಅದಕ್ಕೆ ಮೊದಲು ಏನೇನಿದೆ ಅಂತ ಯಾರ ಕ್ಯಾಮೆರಾಕ್ಕೂ ಬೇಕಾಗಿಲ್ಲ.

ಡೆಕ್ಕನ್ನೇ ತಗೊಳ್ಳಿ. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಸ್ಕ್ರೂಡ್ರೈವರ್ ಹಿಡಿಕೆಯಿಂದ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಹೋಗ್ಬೇಕು. ಗಟ್ಟಿ ಇದ್ದಲ್ಲಿ ಟಕ್ ಅನ್ನುತ್ತೆ, ಒಳಗೆ ಕೊಳೆತಲ್ಲಿ ದಬ್ ಅನ್ನುತ್ತೆ. ದಬ್ ಅಂದಲ್ಲೆಲ್ಲ ಪೆನ್ಸಿಲಿಂದ ಗೆರೆ. ನೀರು ಹೋಗೋದು ಬಹುಪಾಲು ಕಂಬಿ ನಿಲ್ಲಿಸೋ ಬೋಲ್ಟಿನ ತೂತಿನಿಂದ. ಅದಕ್ಕೆ ಬೋಲ್ಟ್ ತೆಗೆದು, 6 ಮಿ.ಮೀ. ತೂತನ್ನ 12ಕ್ಕೆ ಹಿಗ್ಗಿಸಿ, ಸುತ್ತಲಿನ ಕೊಳೆತ ಮರವನ್ನ ಬಗ್ಗಿಸಿದ ಮೊಳೆಯಿಂದ ಕೆರೆದು, ಒಣಗಿಸಿ, ಕೆಳಗಿಂದ ಟೇಪ್ ಹಚ್ಚಿ, ಮೊದಲು ತೆಳು ಎಪಾಕ್ಸಿ (ಹಾರ್ಡ್‌ನರ್ ಕಲಸಿದ್ರೆ ಗಟ್ಟಿಯಾಗೋ ಅಂಟು) ಕುಡಿಸಿ, ಮೇಲೆ ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ತುಂಬ್ಬೇಕು. ಸೌಟು ಮಗುಚಿದ್ರೂ ಬೀಳದಷ್ಟು ಗಟ್ಟಿ ಹದ ಇರ್ಲಿ. ಗಟ್ಟಿಯಾದ ಮೇಲೆ ನಡುವಲ್ಲಿ ಮತ್ತೆ 6ರ ತೂತು. ಆಗ ಬೋಲ್ಟಿನ ಪಕ್ಕ ನೀರು ಇಳಿದ್ರೂ ಮರಕ್ಕೆ ತಾಗೋದಿಲ್ಲ.

ಮತ್ತೆ ಬೋಲ್ಟ್ ಕೂರಿಸೋದಕ್ಕೆ ಇಬ್ಬರು ಬೇಕು. ತೂತಿನ ಬಾಯಿ ಸ್ವಲ್ಪ ಅಗಲಿಸಿ, ಬೋಲ್ಟಿನ ಕುತ್ತಿಗೆಗೆ ಬ್ಯುಟೈಲ್ ಟೇಪ್ (ನೀರು ತಡೆಯೋ ಮೆತ್ತನೆ ರಬ್ಬರ್ ಅಂಟು) ಸುತ್ತಿ, ಮೇಲಿನವರು ಬೋಲ್ಟಿನ ತಲೆ ಅಲುಗಾಡದಂತೆ ಹಿಡೀಬೇಕು, ಕೆಳಗಿನವರು ನಟ್ ಮಾತ್ರ ತಿರುಗಿಸ್ಬೇಕು. ತಲೆ ತಿರುಗಿತೋ, ಸುತ್ತಿದ ಟೇಪ್ ಹರಿದು ಅಲ್ಲೇ ಸೋರಿಕೆಗೆ ದಾರಿಯಾಯ್ತು. ಒಂದೇ ಸಲಕ್ಕೆ ಬಿಗಿ ಮಾಡೋ ಹಾಗೂ ಇಲ್ಲ. ಮಾಡಿದ್ರೆ ಬ್ಯುಟೈಲ್ ಪೂರ್ತಿ ಹೊರಗೆ ಹಿಂಡಿಹೋಗುತ್ತೆ. ಇವತ್ತು ಸ್ವಲ್ಪ, ಎರಡು ದಿನ ಬಿಟ್ಟು ಸ್ವಲ್ಪ, ಮುಂದಿನ ವಾರ ಕೊನೆಯ ಸ್ವಲ್ಪ. "ಕೊಡಿ ಇಲ್ಲಿ" ಅನ್ನೋ ಅಣ್ಣ ಒಂದೇ ಏಟಿಗೆ ಕಿರ್ರ್ ಅನ್ನಿಸಿ, ಕೈ ಒರೆಸ್ಕೊಂಡು, ಚಾ ಕುಡಿದು ಹೋಗ್ತಾನೆ. ಆಷಾಢದಲ್ಲಿ ಹಾಸಿಗೆ ಮೇಲೆ ಹನಿ ಬೀಳುವಾಗ ಅವನಿರೋದಿಲ್ಲ.

ಎಪಾಕ್ಸಿಯದ್ದೂ ಇದೇ ಪಾಡು. ನಮ್ಮ ಕರಾವಳಿ ಸೆಕೆಗೆ ಮಗ್ಗಿನಲ್ಲಿ ಅರ್ಧ ಕಿಲೋ ಕಲಸಿಟ್ರೆ ಅದರದೇ ಬಿಸಿಗೆ ಹೊಗೆಯೆದ್ದು ಕಲ್ಲಾಗುತ್ತೆ. 150 ಗ್ರಾಂ ಮಾತ್ರ ಕಲಸಿ, ಅಗಲ ತಟ್ಟೆಗೆ ಸುರಿದು ತೆಳುವಾಗಿ ಹರಡಿಟ್ಕೊಂಡು ಬಳಸ್ಬೇಕು. ಡಬ್ಬಿ ಮೇಲೆ ತೂಕದ ಲೆಕ್ಕದಲ್ಲಿ ಬರೆದ ಪ್ರಮಾಣವನ್ನ ತೂಕದ ಯಂತ್ರದಲ್ಲೇ ಅಳೀಬೇಕು. ಬೇಗ ಒಣಗ್ಲಿ ಅಂತ ಹಾರ್ಡ್‌ನರ್ ಜಾಸ್ತಿ ಸುರಿಯೋ ಮಹಾನುಭಾವರಿದ್ದಾರೆ, ಅದು ಬೇಗ ಒಣಗೋದಲ್ಲ, ಯಾವತ್ತೂ ಸರಿಯಾಗಿ ಗಟ್ಟಿಯಾಗೋದೇ ಇಲ್ಲ. ಗಾಳಿಯಲ್ಲಿ ಪಸೆ ಇದ್ರೆ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತೆ. ಅದನ್ನ ಬರೀ ನೀರು, ಒರಟು ಪ್ಯಾಡಿನಲ್ಲಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್. ತೊಳೆಯದೆ ಉಜ್ಜಿದ್ರೆ ಜಿಡ್ಡು ಇನ್ನೂ ಒಳಗೆ ಹೊಕ್ಕು ಮುಂದಿನ ಪದರ ಸಿಪ್ಪೆ ಏಳುತ್ತೆ. ಥಿನ್ನರಿಗೆ ಅದು ಬಗ್ಗೋದಿಲ್ಲ.

ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳೋ ಊರು ನಮ್ಮದು. ಹಾಗಾಗಿ ಫೈಬರ್ ಕೆಲಸ ಏನಿದ್ರೂ ದೀಪಾವಳಿ ಕಳೆದು, ಮಾರ್ಚಿನೊಳಗೆ. ತಳದಲ್ಲಿ ಗುಳ್ಳೆ ಎದ್ದಿದ್ರೆ ಅದನ್ನ ಒಡೆಯುವಾಗ ಕನ್ನಡಕ ಹಾಕ್ಕೊಳ್ಳಿ, ವಿನೆಗರ್ ವಾಸನೆಯ ದ್ರವ ಚಿಮ್ಮುತ್ತೆ. ಕೆರೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ ಆಮೇಲಷ್ಟೇ ತುಂಬೋದು. ತಳಕ್ಕೆ ಕಚ್ಚಿಕೊಂಡ ಬಾರ್ನಕಲ್ (ಚಿಪ್ಪಿನ ಜೀವಿ) ಕೆರೆಯೋದು ಮಾತ್ರ ದೋಣಿ ಮೇಲೆತ್ತಿದ ಗಂಟೆಯಲ್ಲೇ ಆಗ್ಬೇಕು, ಒಣಗಿದ್ರೆ ಉಳಿ ಬೇಕಾಗುತ್ತೆ. ಮಳೆಗಾಲಕ್ಕೆ ಹಾಯಿ, ಹಗ್ಗ, ರಾಟೆ, ವಿಂಚ್ (ಹಗ್ಗ ಸುತ್ತಿ ಎಳೆಯೋ ಉರುಳೆ), ಎಂಜಿನ್. ಇವನ್ನೆಲ್ಲ ಮನೆಯ ಪಡಸಾಲೆಯಲ್ಲೋ ತಾಡಪತ್ರಿ ಕೆಳಗೋ ಮಾಡಬಹುದು. ಎಂಜಿನ್ನಿನ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳೋ ಎಲೆಚಕ್ರ) ತೆಗೆದಿಡಿ, ಹಾಗೇ ಬಿಟ್ರೆ ಎಲೆಗಳು ಬಗ್ಗಿ ಸೆಟೆದುಕೊಳ್ತವೆ. ಒಂದು ಎಲೆ ಮುರಿದಿದ್ರೆ ಹೊಸದು ಹಾಕಿ ಕೂತ್ರೆ ಆಗ್ಲಿಲ್ಲ. ಮುರಿದ ಚೂರು ಪೈಪಿನ ಯಾವ ತಿರುವಲ್ಲಿ ಸಿಕ್ಕಿದೆ ಅಂತ ಹುಡುಕಿ ತೆಗೀಬೇಕು, ಇಲ್ಲದಿದ್ರೆ ಎಂಜಿನ್ ವಿಪರೀತ ಬಿಸಿಯಾಗುತ್ತೆ.

ಹಾಯಿ ವಿಷಯಕ್ಕೆ ಬಂದ್ರೆ ನನಗೆ ನಗು ಬರುತ್ತೆ. ಬಿಸಿಲಿಗೆ ಬಟ್ಟೆಗಿಂತ ಮೊದಲು ದಾರ ಸಾಯುತ್ತೆ. ಹೊಲಿಗೆಯನ್ನ ಉಗುರಲ್ಲಿ ಕೆರೆದು ನೋಡಿ, ದಾರ ಪುಡಿಯಾಗಿ ಎದ್ದುಬಂದ್ರೆ ಇಡೀ ಜೋಡಣೆ ಮತ್ತೆ ಹೊಲೀಬೇಕು. ಬಿಸಿಲು ತಡೆಯೋ ಪಾಲಿಯೆಸ್ಟರ್ ದಾರ, 16 ಇಲ್ಲವೇ 18ರ ಸೂಜಿ, ಝಿಗ್‌ಝಾಗ್ ಹೊಲಿಗೆ. ಮೂಲೆಯಲ್ಲಿ ಹತ್ತಾರು ಪದರ ಇರೋದ್ರಿಂದ ಮನೆ ಮಷಿನ್ ಅಲ್ಲಿ ನಿಂತುಬಿಡುತ್ತೆ. ಅಲ್ಲಿ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಮೇಣ ಹಚ್ಚಿದ ದಾರದಲ್ಲಿ ಕೈಹೊಲಿಗೆಯೇ ಗತಿ. ಇದಕ್ಕೆ ಬೇಕಾದ ಕೈಬಲ ನಟ್ ಬಿಚ್ಚೋದಕ್ಕಿಂತ ಜಾಸ್ತಿ. ಆದ್ರೆ ಇಲ್ಲಿ ಯಾವ ಅಣ್ಣನೂ ಬಂದು "ಕೊಡಿ ಇಲ್ಲಿ ಸೂಜಿ" ಅಂದದ್ದು ಕಾಣೆ! 2025ರ ಮೇ ತಿಂಗಳಲ್ಲಿ ನಮ್ಮ ನೌಕಾನೆಲೆಯಲ್ಲೇ ಸೇವೆಗೆ ಸೇರಿದ ಕೌಂಡಿನ್ಯ ಹಡಗಿನ ಹಲಗೆಗಳನ್ನ ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ್ರು. ಅದನ್ನ ಎಲ್ಲರೂ ಪ್ರಾಚೀನ ತಂತ್ರಜ್ಞಾನ ಅಂದ್ರು, ಸರಿಯಾಗೇ ಅಂದ್ರು. ಹೆಣ್ಮಕ್ಕಳು ಹಾಯಿ ಹೊಲಿದ್ರೆ ಅದು ಟೇಲರಿಂಗ್.

"ಕಂಬ ಎತ್ತೋಕಾದ್ರೂ ಗಂಡಸ್ರು ಬೇಕಲ್ಲ" ಅಂತ ಕಮೆಂಟ್ ಬಂದೇ ಬರುತ್ತೆ, ಈಗ್ಲೇ ಉತ್ತರ ಹೇಳಿಬಿಡ್ತೆ. 25 ಅಡಿ ದೋಣಿಯ ಅಲ್ಯೂಮಿನಿಯಂ ಕಂಬ ಐವತ್ತು ಕಿಲೋ ಆಸುಪಾಸು. ಅದನ್ನ ಭುಜದ ಮೇಲೆ ಎತ್ತೋದೇ ತಪ್ಪು, ಗಂಡಸಾದ್ರೂ. ಬುಡದಲ್ಲಿ ಆಸರೆ ಕೋಲು ನಿಲ್ಲಿಸಿ, ನಾಲ್ಕು ಎಳೆಯ ರಾಟೆ ಹಗ್ಗ ಹಾಕಿ, ವಿಂಚಿಗೆ ಸುತ್ತಿ ಎತ್ತೋದು. ಪಕ್ಕಕ್ಕೆ ವಾಲದಂತೆ ಎರಡೂ ಬದಿ ಹಗ್ಗ ಹಿಡಿಯೋ ಇಬ್ಬರು ಬೇಕು, ಅಷ್ಟೆ. ಮೀನು ಬುಟ್ಟಿ ತಲೆ ಮೇಲೆ ಹೊತ್ತು ಬಸ್ಸು ಹತ್ತೋ ಹೆಂಗಸರ ಊರಲ್ಲಿ, ಅಘನಾಶಿನಿಯಲ್ಲಿ ಸೊಂಟದ ನೀರಿಗಿಳಿದು ಬಳಚು ಹೆಕ್ಕೋ ಹೆಂಗಸರ ಜಿಲ್ಲೆಯಲ್ಲಿ, ಶಕ್ತಿಯ ಪಾಠ ಯಾರಿಗೆ?

ತಂತಿ ಬಿಗಿ ಮಾಡೋದ್ರಲ್ಲಂತೂ ಶಕ್ತಿ ಶತ್ರು. ಎರಡು ಮೀಟರ್ ಸ್ಕೇಲಿನ ಮೇಲ್ತುದಿಯನ್ನ ತಂತಿಗೆ ಟೇಪ್ ಸುತ್ತಿ ಕಟ್ಟಿ, ಕೆಳತುದಿ ತಂತಿಯ ಕೊನೆಯ ಫಿಟ್ಟಿಂಗಿಗೆ ತಾಗಿರುವಂತೆ ಇಡಿ. ಬಿಗಿ ಮಾಡಿದಂತೆ ತಂತಿ ಹಿಗ್ಗಿ ಸಂದು ಬೀಳುತ್ತೆ. 19 ಎಳೆಯ ಸ್ಟೇನ್‌ಲೆಸ್ ತಂತಿಗೆ 1 ಮಿ.ಮೀ. ಸಂದು ಅಂದ್ರೆ ಅದು ತುಂಡಾಗೋ ಭಾರದ ಶೇಕಡಾ 5. ಬದಿಯ ಮುಖ್ಯ ತಂತಿಗೆ ಸಾಮಾನ್ಯವಾಗಿ 15ರಿಂದ 20 ಸಾಕು, ಅಂದ್ರೆ 3ರಿಂದ 4 ಮಿ.ಮೀ. ಬದಿ ಬದಲಾಯಿಸ್ತಾ ಒಂದೊಂದೇ ಸುತ್ತು. ಆಮೇಲೆ ಸ್ಪ್ಲಿಟ್ ಪಿನ್, ಅದರ ಮೇಲೆ ಟೇಪ್. ಹಳೇ ತಂತಿಯ ಎಳೆ ಮುರಿದಿದೆಯಾ ನೋಡೋಕೆ ಹತ್ತಿ ಹಿಡಿದು ಉದ್ದಕ್ಕೆ ಸವರಿ, ಮುರಿದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತೆ. ಬರಿಗೈ ಬೇಡ.

"ಸಹಾಯ ಮಾಡಿದ್ರೆ ತಪ್ಪೇನು, ಒಳ್ಳೇ ಮನಸ್ಸಿಂದ ತಾನೆ" ಅಂತಾನೂ ಅಂತೀರಿ. ಮನಸ್ಸು ಒಳ್ಳೇದೇ ಇರಬಹುದು. ಆದ್ರೆ ಪಾಲುದೋಣಿ ನಡೆಯೋದು ನೆನಪಿನ ಮೇಲೆ. ಬಾಡಿಗೆ, ವಿಮೆ, ತಳದ ಪೇಂಟು ಸಮಪಾಲು, ಡೀಸೆಲ್ ಬಳಸಿದವರ ಲೆಕ್ಕ, ಹಾಯಿಗೂ ತಂತಿಗೂ ಪ್ರತ್ಯೇಕ ನಿಧಿ. ಈ ಹಣದ ಲೆಕ್ಕ ಒಂದು ಸಂಜೆಯಲ್ಲಿ ಮುಗಿಯುತ್ತೆ. ಕಷ್ಟ ಇರೋದು "ಅದನ್ನ ಬೇರೆಯವರು ನೋಡಿರ್ತಾರೆ" ಅಂತ ಎಲ್ಲರೂ ಅಂದುಕೊಳ್ಳೋದ್ರಲ್ಲಿ. ಅದಕ್ಕೇ ಪುಸ್ತಕ ಬೇಕು: ಯಾವ ಭಾಗ, ಯಾವ ಅಳತೆ, ಏನು ಹಚ್ಚಿದ್ದು, ಯಾರು ಬಿಚ್ಚಿದ್ದು, ಯಾರು ಮುಚ್ಚಿದ್ದು. ಒಂದೊಂದು ಕೆಲಸಕ್ಕೆ ಗೊತ್ತಿರೋರೊಬ್ಬರು, ಕಲಿಯೋರೊಬ್ಬರು, ಮುಂದಿನ ವರ್ಷ ಜೋಡಿ ಬದಲು. ಬರೋಕಾಗದವರು ದುಡ್ಡು ಕೊಟ್ಟು ತಮ್ಮ ಕೆಲಸದ ಗಂಟೆ ತುಂಬಿಸೋ ಪದ್ಧತಿ ನನಗೆ ಸುತರಾಂ ಇಷ್ಟ ಇಲ್ಲ. ನೀರಿನ ಮೇಲೆ ಸೀಕಾಕಿನ (ದೋಣಿ ತಳದ ನೀರಿನ ತೂತಿನ ನಲ್ಲಿ) ಪೈಪ್ ಕಳಚಿ ನೀರು ನುಗ್ಗಿದಾಗ ಅದು ಎಲ್ಲಿದೆ, ಪಕ್ಕದಲ್ಲಿ ದಾರ ಕಟ್ಟಿ ತೂಗಿಸಿದ ಮರದ ಬೆಣೆ ಎಲ್ಲಿದೆ ಅಂತ ಕತ್ತಲಲ್ಲಿ ಕೈಗೆ ಗೊತ್ತಿರ್ಬೇಕು. ಆ ಸೀಕಾಕ್ ಮಾಮೂಲಿ ಹಿತ್ತಾಳೆಯದ್ದಾದ್ರೆ ಕೆರೆದು ನೋಡಿ, ಗುಲಾಬಿ ಬಣ್ಣ ಕಂಡ್ರೆ ಸತು ಕರಗಿ ಹೋಗಿದೆ ಅಂತ ಅರ್ಥ, ಅದು ಕೈಯಲ್ಲೇ ಮುರಿಯುತ್ತೆ. ಇದನ್ನೆಲ್ಲ ದಡದಲ್ಲಿ ಅಣ್ಣ ಮಾಡಿಕೊಟ್ಟಿದ್ರೆ, ಅಲ್ಲಿ ಅಣ್ಣನಿಗೆ ಫೋನ್ ಹಚ್ತೀರಾ?

2024ರ ಅಕ್ಟೋಬರಲ್ಲಿ ಗೋವಾದಿಂದ ಹೊರಟು 2025ರ ಮೇ ಕೊನೆಗೆ ವಾಪಸ್ ಬಂದ ತಾರಿಣಿಯಲ್ಲಿ ಇದ್ದದ್ದು ಇಬ್ಬರೇ, ನೌಕಾಪಡೆಯ ದಿಲ್ನಾ ಮತ್ತು ರೂಪಾ. 56 ಅಡಿ ದೋಣಿ, ಪ್ರಪಂಚದ ಸುತ್ತು. ನಡು ಸಮುದ್ರದಲ್ಲಿ ಏನು ಕೆಟ್ರೂ ಪಾನಾ ಇದ್ದದ್ದು ಇಬ್ಬರಲ್ಲಿ ಒಬ್ಬರ ಕೈಯಲ್ಲೇ. ಅವರ ಫೋಟೋ ಹಂಚ್ಕೊಂಡು "ಹೆಮ್ಮೆ" ಅಂತ ಬರೆದವರೇ ಈ ವಿಡಿಯೋ ಕೆಳಗೆ "ಪೇಂಟಿಂಗ್ ಸೂಪರ್ ಮೇಡಂ" ಅಂತ ಬರ್ದಿದ್ದಾರೆ. ಸ್ಕ್ರೀನ್‌ಶಾಟ್ ಹಾಕೋದಿಲ್ಲ, ನಿಮಗೇ ಗೊತ್ತು.

ನಿಜವಾಗ್ಲೂ ಸಹಾಯ ಮಾಡ್ಬೇಕು ಅಂತಿದ್ರೆ 80ರ ಮತ್ತು 120ರ ಸ್ಯಾಂಡ್‌ಪೇಪರ್, ನೈಟ್ರೈಲ್ ಗ್ಲೌಸಿನ ಒಂದು ಡಬ್ಬಿ, ಫೈಬರ್ ಧೂಳಿಗೆ ತಡೆಯೋ ಮಾಸ್ಕ್ ತಗೊಂಡು ಹೋಗಿ. ಹೋಗಿ "ಎಲ್ಲಿ ಹಿಡೀಲಿ?" ಅಂತ ಕೇಳಿ. ಡೆಕ್ ಮೇಲೆ ಬೋಲ್ಟಿನ ತಲೆ ಅಲುಗದಂತೆ ಹಿಡಿಯೋಕೆ ಒಬ್ಬರು ಯಾವಾಗ್ಲೂ ಕಡಿಮೆ ಬೀಳ್ತಾರೆ.