ಅಪ್ಪನ ಇಳಿಜಾರು

ಪಕ್ಕದ ಕೋಣೆಯಲ್ಲಿ ಅಪ್ಪ ಮಂಡ್ಯದ ಚಿಕ್ಕಪ್ಪನೊಡನೆ ಫೋನಿನಲ್ಲಿ ಮಾತನಾಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದಾರೆ. "ಪೂರ್ತಿ ಇಳಿಜಾರು ಕಣಯ್ಯಾ, ಪೆಡಲ್ ತುಳಿಯೋ ಪ್ರಮೇಯವೇ ಇಲ್ಲ, ಸುಮ್ಮನೆ ಕೂತಿದ್ದರೆ ಸಾಕು" ಎಂದು ಅವರು ಹೇಳಿದ್ದು ಬಾಗಿಲು ಹಾಕಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಮನೆಯಲ್ಲಿರುವ ಎರಡು ದಪ್ಪ ದಿಂಬುಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ಮೇಲೆ ಒಂದು ಮಗ್ಗುಲಾಗಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸುಮ್ಮನೆ ಕೂತಿದ್ದರೆ ಸಾಕಂತೆ! ಕೂರುವುದೇ ಅಲ್ಲವೇ ಈಗಿನ ಸಮಸ್ಯೆ?

ನೀರಾವರಿ ಇಲಾಖೆಯಲ್ಲಿ 33 ವರ್ಷ ಎಂಜಿನಿಯರ್ ಆಗಿದ್ದ ಅಪ್ಪ, ಅಮ್ಮನ ಜೊತೆ ಎರಡು ತಿಂಗಳ ಮಟ್ಟಿಗೆ ಪ್ಯಾರಿಸ್ಸಿನ ಹೊರವಲಯದ ನನ್ನ ಮನೆಗೆ ಬಂದಿದ್ದಾರೆ. ಐಫೆಲ್ ಗೋಪುರವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ ಅವರ ಕಣ್ಣು, ನನ್ನ ಮೇಜಿನ ಮೇಲಿದ್ದ ಒಂದು ಕಿರುಹೊತ್ತಗೆಯ ಮೇಲೆ ಬಿತ್ತು. ಫ್ರಾನ್ಸಿನ ಅತಿ ಉದ್ದದ ನದಿಯಾದ ಲ್ವಾರ್‌ನ ದಡದಲ್ಲಿ, ದ್ರಾಕ್ಷಿ ತೋಟಗಳನ್ನೂ ಅರಮನೆಗಳನ್ನೂ ಹಾದು ಅಟ್ಲಾಂಟಿಕ್ ಸಮುದ್ರದವರೆಗೆ ಹೋಗುವ ಸುಮಾರು 900 ಕಿಲೋಮೀಟರಿನ ಸೈಕಲ್ ದಾರಿಯ ವಿವರ ಅದರಲ್ಲಿತ್ತು. ಅದರೊಳಗಿನ 150 ಕಿಲೋಮೀಟರನ್ನು, ಬ್ಲೂವಾದಿಂದ ಸೊಮ್ಯೂರ್‌ವರೆಗೆ, ಐದು ದಿನಗಳಲ್ಲಿ ಆರಾಮವಾಗಿ ಮುಗಿಸಬಹುದೆಂದು ನಾನೇ ಬಾಯಿತಪ್ಪಿ ಹೇಳಿದೆ. ಅಮ್ಮ ತಕ್ಷಣ ಮೊಣಕಾಲು ಹಿಡಿದುಕೊಂಡು ಪಾರಾದಳು. ಅಪ್ಪ ಭೂಪಟ ಬಿಡಿಸಿ, ನದಿ ಹರಿಯುವ ದಿಕ್ಕನ್ನು ಬೆರಳಿನಿಂದ ಸವರಿ, ತೀರ್ಪು ಕೊಟ್ಟರು: "ನೀರು ಯಾವತ್ತೂ ಸುಳ್ಳು ಹೇಳೋದಿಲ್ಲ ಪುಟ್ಟಿ. ಅದು ಹೋಗೋ ಕಡೆ ಹೋದರೆ ಇಳಿಜಾರು. ನಾವೇನೂ ಮಾಡಬೇಕಾಗಿಲ್ಲ."

ಈ ತರ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಪ್ರಮಾಣದಲ್ಲಿ. ಬ್ಲೂವಾದಿಂದ ಸೊಮ್ಯೂರ್‌ಗೆ ತಲುಪುವಷ್ಟರಲ್ಲಿ ಲ್ವಾರ್ ಇಳಿಯುವುದು ಒಟ್ಟು ಸುಮಾರು 40 ಮೀಟರ್, ಅಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಅಡಿ. ಆ ಒಂದು ಅಡಿಯನ್ನು ನೀರು ಗುರುತಿಸುತ್ತದೆ, ಎಂಜಿನಿಯರುಗಳು ಗುರುತಿಸುತ್ತಾರೆ. ನನ್ನ ತೊಡೆಗಳಿಗೆ ಅಷ್ಟು ಸೂಕ್ಷ್ಮ ಸಂವೇದನೆ ಇಲ್ಲ. ಅವುಗಳಿಗೆ ಗೊತ್ತಾದದ್ದು ಗಾಳಿ. ಇಲ್ಲಿ ವರ್ಷದ ಬಹುಪಾಲು ಬೀಸುವುದು ಸಮುದ್ರದ ಕಡೆಯಿಂದ ಬರುವ ಪಡುವಣ ಗಾಳಿ, ನಾವು ಹೊರಟದ್ದೂ ಪಶ್ಚಿಮಕ್ಕೆ. ಬಾಡಿಗೆ ಸೈಕಲ್ ಕೊಟ್ಟ ಹುಡುಗ ನಮ್ಮ ದಿಕ್ಕನ್ನು ಕೇಳಿ ತಿಳಿದುಕೊಂಡು, ಹೊರಗೆ ಬಾಗಿ ನಿಂತಿದ್ದ ಪಾಪ್ಲರ್ ಮರಗಳನ್ನು ಒಮ್ಮೆ ನೋಡಿ, ಬಹಳ ಕನಿಕರದಿಂದ ನಗುತ್ತ ಶುಭಪ್ರಯಾಣ ಕೋರಿದ್ದ. ಆ ನಗೆಯ ಅರ್ಥ ನನಗೆ ನಾಲ್ಕನೆಯ ಕಿಲೋಮೀಟರಿನಲ್ಲಿ ಹೊಳೆಯಿತು.

ಅಪ್ಪನಿಗೆ ಅದು ಹೊಳೆಯಲೇ ಇಲ್ಲ, ಅಥವಾ ಹೊಳೆಯಗೊಡಲಿಲ್ಲ. ಏದುಸಿರು ಬಿಡುತ್ತ, ಹ್ಯಾಂಡಲಿನ ಮೇಲೆ ಬಗ್ಗಿ ಬಲಗಾಲನ್ನು ಪೂರ್ತಿ ತೂಕ ಹಾಕಿ ತುಳಿಯುತ್ತ, "ನೋಡು, ಹೇಗೆ ಇಳೀತಾ ಇದೆ!" ಎನ್ನುತ್ತಿದ್ದರು. ಎದುರಿನಿಂದ ಬರುತ್ತಿದ್ದ ಫ್ರೆಂಚ್ ಅಜ್ಜ ಅಜ್ಜಿಯರು ಬೆನ್ನು ನೆಟ್ಟಗೆ ಮಾಡಿಕೊಂಡು, ಬುಟ್ಟಿಯಲ್ಲಿ ನಾಯಿಮರಿಯನ್ನು ಕೂರಿಸಿಕೊಂಡು, ಮೆರವಣಿಗೆಯಲ್ಲಿ ಬರುವ ದೇವರಂತೆ ಅಲುಗದೆ ತೇಲಿಬಂದು "ಬೋಂಝೂರ್" ಎನ್ನುತ್ತಿದ್ದರು. ಅವರು ಏರುದಾರಿಯಲ್ಲಿ ಇಷ್ಟು ಸಲೀಸಾಗಿ ಹೇಗೆ ಬರುತ್ತಿದ್ದಾರೆಂದು ನಾನು ಕೇಳಿದಾಗ, ಬ್ಯಾಟರಿ ಸೈಕಲ್ ಇರಬೇಕೆಂದು ಅಪ್ಪ ಹೇಳಿದರು. ಕೆಲವರದು ಬ್ಯಾಟರಿ ಸೈಕಲ್ಲೇ ಆಗಿತ್ತು, ನಿಜ. ಆದರೆ ನಾಯಿಮರಿಯವರದು ಆಗಿರಲಿಲ್ಲ; ನಾನು ತಿರುಗಿ ನೋಡಿ ಖಚಿತಪಡಿಸಿಕೊಂಡೆ.

ಎರಡನೆಯ ದಿನ, ಆಂಬ್ವಾಜ್ ದಾಟಿದ ಮೇಲೆ, ನಾನು ಸೈಕಲ್ ನಿಲ್ಲಿಸಿ ಇದು ಇಳಿಜಾರಲ್ಲವೆಂದು ಸಾರಿಬಿಟ್ಟೆ. ಅಪ್ಪ ಕೋಪಿಸಿಕೊಳ್ಳಲಿಲ್ಲ. ಅನುಮಾನವಿದ್ದವರಿಗೆ ಪ್ರಾತ್ಯಕ್ಷಿಕೆ ತೋರಿಸಬೇಕೆಂಬುದು ಅವರ ವೃತ್ತಿಧರ್ಮ. ಚೀಲದಿಂದ ಖಾಲಿಯಾಗಿದ್ದ ಒಂದೂವರೆ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದು, ಡಾಂಬರಿನ ಮೇಲೆ ಅಡ್ಡಲಾಗಿ ಮಲಗಿಸಿ, ಅದು ತಾನಾಗಿಯೇ ಸಮುದ್ರದ ಕಡೆಗೆ ಉರುಳುವುದನ್ನು ಗಮನಿಸಬೇಕೆಂದು ನನಗೂ, ಅಷ್ಟರಲ್ಲಿ ಕುತೂಹಲದಿಂದ ನಿಂತಿದ್ದ ಇಬ್ಬರು ಸವಾರರಿಗೂ ಕೈಸನ್ನೆಯಲ್ಲಿ ತಿಳಿಸಿ, ಬೆರಳುಗಳನ್ನು ಮೆಲ್ಲನೆ ಸಡಿಲಿಸಿದರು. ಬಾಟಲಿ ಒಂದು ಕ್ಷಣ ಯೋಚಿಸಿತು. ಬಳಿಕ ಪೂರ್ವಕ್ಕೆ, ಅಂದರೆ ನಾವು ಬಂದ ದಾರಿಯಲ್ಲೇ, ಮೊದಲು ಉರುಳುತ್ತ, ಆಮೇಲೆ ಪುಟಿಯುತ್ತ, ಕೊನೆಗೆ ತವರಿಗೆ ಹೊರಟವರ ಹುರುಪಿನಲ್ಲಿ ಓಡತೊಡಗಿತು. ಕಸ ಚೆಲ್ಲಿದ ಅಪವಾದ ಬರಬಾರದೆಂದು ನಾನು ಸೈಕಲ್ ತಿರುಗಿಸಿ ಅದರ ಬೆನ್ನು ಹತ್ತಿದೆ. ಆ ಇನ್ನೂರು ಮೀಟರ್ ದೂರ, ಆಣೆ ಮಾಡಿ ಹೇಳುತ್ತೇನೆ, ನಾನು ಒಂದು ಸಲವೂ ಪೆಡಲ್ ತುಳಿಯಲಿಲ್ಲ. ಎರಡು ದಿನಗಳಲ್ಲಿ ನಾನು ಕಂಡ ಏಕೈಕ ಇಳಿಜಾರು ಅದು. ಹೊಟ್ಟೆ ಹಿಡಿದು ನಗುತ್ತಿದ್ದ ಸವಾರರಿಬ್ಬರೂ ನಮ್ಮ ಎದುರು ದಿಕ್ಕಿನವರೇ ಆಗಿದ್ದರಿಂದ, ಬಾಟಲಿಯನ್ನೂ ನನ್ನನ್ನೂ ದಾಟಿ ಕಣ್ಮರೆಯಾದರು. ವಾಪಸು ಬಂದ ನನಗೆ ಅಪ್ಪ ಹೇಳಿದ್ದಿಷ್ಟೇ: "ಬಾಟಲಿ ಹಗುರ ಆಯಿತು. ತುಂಬಿದ್ದು ಬೇಕಾಗಿತ್ತು."

ಸೋಜಿಗವೆಂದರೆ ಈ ಇಡೀ ವಿಷಯ ನದಿಯ ಜನಕ್ಕೆ ಶತಮಾನಗಳಿಂದ ಗೊತ್ತಿತ್ತು. ರೈಲು ಬರುವ ಮೊದಲು ಇಲ್ಲಿ ಸರಕು ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿಗಳು ಕೆಳಮುಖವಾಗಿ ಹೋಗುವಾಗ ನೀರಿನ ಸೆಳೆತವನ್ನೂ, ಮೇಲ್ಮುಖವಾಗಿ ಬರುವಾಗ ಚೌಕ ಹಾಯಿ ಬಿಚ್ಚಿ ಪಡುವಣ ಗಾಳಿಯನ್ನೂ ಬಳಸಿಕೊಳ್ಳುತ್ತಿದ್ದವು. ದಡದ ಫಲಕವೊಂದರಲ್ಲಿ ಇದನ್ನು ಓದಿ ಅಪ್ಪ ತಲೆದೂಗಿದರು. ಕೆಳಕ್ಕೆ ಹೋಗುತ್ತಿದ್ದ ನಾವು ನೀರಿನಲ್ಲಿಲ್ಲ, ಗಾಳಿಗೆ ಮಾತ್ರ ಎದುರಾಗಿದ್ದೇವೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಉಸಿರೂ ಇರಲಿಲ್ಲ.

ಇನ್ನು ಊಟ. ಈ ಸೀಮೆಯಲ್ಲಿ ಹಸಿವೆಯೆಂಬುದು ಹನ್ನೆರಡರಿಂದ ಎರಡರವರೆಗೆ ಬರತಕ್ಕದ್ದು. ಎರಡೂ ಹತ್ತಕ್ಕೆ ತಲುಪಿದವರಿಗೆ ಅಡುಗೆಮನೆಯ ದೀಪ ಆರಿರುತ್ತದೆ. ಗಾಳಿಯ ದೆಸೆಯಿಂದ ನಾವು ದಿನವೂ ಎರಡೂ ಹತ್ತಕ್ಕೇ ತಲುಪಿದೆವು. ವಿಲಾಂದ್ರಿಯ ಅರಮನೆಯ ತೋಟದಲ್ಲಿ ಎಲೆಕೋಸು, ಬೀಟ್‌ರೂಟ್‌ಗಳನ್ನು ರಂಗೋಲಿಯಂತೆ ಚೌಕ ಚೌಕವಾಗಿ ಬೆಳೆಸಿ ನೋಡಲು ಟಿಕೆಟ್ ಇಟ್ಟಿದ್ದಾರೆ. ಖಾಲಿ ಹೊಟ್ಟೆಯಲ್ಲಿ ನೋಡತಕ್ಕ ದೃಶ್ಯವಲ್ಲ. ಕೊನೆಗೆ ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯೂ ಬಾಗೆಟ್ ಬ್ರೆಡ್ಡೂ ನಮ್ಮನ್ನು ಕಾಪಾಡಿದವು. ಮೊಂಲೂಯಿಯಲ್ಲಿ ಬಿಳಿ ಸುಣ್ಣಕಲ್ಲನ್ನು ಕೊರೆದು ಮಾಡಿದ ಗವಿಯೊಂದರಲ್ಲಿ ವೈನಿನ ರುಚಿ ತೋರಿಸುತ್ತಿದ್ದರು. ಅಪ್ಪ ಕುಡಿಯುವವರಲ್ಲ, ಗವಿಯೊಳಗೆ ಗಾಳಿ ಇಲ್ಲವೆಂದು ಬಂದವರು. ಅವರು ಛಾವಣಿಯಲ್ಲಿ ನೀರು ಜಿನುಗುವ ಬಗೆಯನ್ನು ಪರಿಶೀಲಿಸುತ್ತ ಆ ಕಡೆ ಮುಖ ಮಾಡಿದ್ದಾಗ, ಅವರ ಪಾಲಿನ ಶೆನಾಂ ಬ್ಲಾಂ ವೈನನ್ನೂ ನಾನೇ ಮುಗಿಸಿದೆ. ಆಮೇಲೆ ಅರ್ಧ ಗಂಟೆ ನನಗೂ ಅದು ಇಳಿಜಾರಾಗಿಯೇ ಕಂಡಿತು.

ದಾರಿಯ ಬಹುಭಾಗ ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲೋ ಅದರ ಮಗ್ಗುಲಲ್ಲೋ ಸಾಗುತ್ತದೆ. ಈಗ ಮರಳು ದಿಣ್ಣೆಗಳ ನಡುವೆ ನಿದ್ದೆಹೋದಂತಿರುವ ಈ ನದಿ 1846, 1856, 1866ರಲ್ಲಿ, ಮುಹೂರ್ತ ನೋಡಿಟ್ಟವರಂತೆ ಹತ್ತು ವರ್ಷಕ್ಕೊಮ್ಮೆ, ಏರಿ ಒಡೆದುಕೊಂಡು ಹಳ್ಳಿಗಳಿಗೆ ನುಗ್ಗಿತ್ತು. ಹಳೆಯ ಗೋಡೆಯೊಂದರಲ್ಲಿ 1856 ಎಂದು ಕೊರೆದ ಗೆರೆ ಅಪ್ಪನ ತಲೆಗಿಂತ ಎತ್ತರದಲ್ಲಿತ್ತು. ಅವರು ಕೈ ಎತ್ತಿ ಅದನ್ನು ಮುಟ್ಟಿ ಬಹಳ ಹೊತ್ತು ನಿಂತರು. ನನಗೆ ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ನೆನಪಾಯಿತು. ಅಪ್ಪ ನೀರಿನ ಮಟ್ಟ ನೋಡಲು ಹೋಗುವಾಗ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಗೆ ಟವೆಲ್ ಸುತ್ತಿ ಕೂರಿಸಿಕೊಳ್ಳುತ್ತಿದ್ದರು. ತೂಬಿನ ಬಳಿ ನೀರುಗಂಟಿ ನನಗೆ ಕಬ್ಬು ಮುರಿದುಕೊಡುತ್ತಿದ್ದ. ಆಗಲೂ ಅಪ್ಪ ಇದೇ ಮಾತು ಹೇಳುತ್ತಿದ್ದರು, ನಾಲೆಯ ಜೊತೆ ಹೋದರೆ ಇಳಿಜಾರು, ಸೈಕಲ್ ತಾನೇ ಹೋಗುತ್ತದೆ ಎಂದು. ನಾನು ನಂಬಿದ್ದೆ. ತುಳಿಯುತ್ತಿದ್ದವರು ಅವರು.

ಕೊನೆಯ ದಿನ ಸೈಕಲ್ ದಾರಿ ನದಿಯನ್ನು ಬಿಟ್ಟು, ಸೊಮ್ಯೂರ್ ಕಡೆಗಿನ ದ್ರಾಕ್ಷಿ ತೋಟಗಳ ದಿಬ್ಬವನ್ನು ಹತ್ತಿತು. ಯಾವ ಸಿದ್ಧಾಂತವೂ ಅಲುಗಿಸಲಾರದ, ಕಣ್ಣಿಗೆ ಕಾಣುವ ಏರು. ಇಬ್ಬರೂ ಇಳಿದು ತಳ್ಳಿದೆವು. ಅರ್ಧ ದಾರಿಯಲ್ಲಿ ನಾನು ಅಪ್ಪನ ಮುಖ ನೋಡಿದೆ. ಅವರು ಕೆಳಗೆ ಹೊಳೆಯುತ್ತಿದ್ದ ನದಿಯ ಕಡೆ ಕೈ ತೋರಿಸಿ, "ಅದು ಇಳೀತಾ ಇದೆಯಲ್ಲ" ಎಂದರು.

ನಾವು ಮನೆಗೆ ಬಂದು ಎರಡು ದಿನವಾಯಿತು. ಚಿಕ್ಕಪ್ಪನ ಫೋನ್ ಮುಗಿದು ಈಗ ಮೈಸೂರಿನ ಅತ್ತೆಗೆ ಹೋಗಿದೆ. ಅಪ್ಪ ಇನ್ನೂ ಓಡಾಡುತ್ತಲೇ ಇದ್ದಾರೆ. ಬೆಳಗ್ಗೆ ಕಾಫಿಯನ್ನು ಕಿಟಕಿಯ ಬಳಿ ನಿಂತೇ ಕುಡಿದರು. ನಿನ್ನೆ ರಾತ್ರಿ ಊಟವನ್ನೂ, ನಿಂತರೆ ಜೀರ್ಣವಾಗುತ್ತದೆಂದು ಹೇಳಿ, ತಟ್ಟೆ ಕೈಯಲ್ಲಿ ಹಿಡಿದೇ ಮುಗಿಸಿದರು. ಅಮ್ಮ ಈಗ ತಾನೇ ಬಂದು, ಒಂದು ಮಾತೂ ಆಡದೆ, ನನ್ನ ಕೆಳಗಿದ್ದ ಎರಡು ದಿಂಬುಗಳಲ್ಲಿ ಒಂದನ್ನು ಎಳೆದುಕೊಂಡು ಆ ಕೋಣೆಗೆ ಹೋದಳು.